ಬೆಂಗಳೂರಿನ ಚಳಿಗೆ ಹ್ಯುಮಿಡಿಫೈಯರ್ ಬೇಕಾ? ತಗೊಂಡರೆ ಯಾವುದು, ಅದಕ್ಕೆ ಯಾವ ನೀರು?

ವಿಜಯನಗರ_ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಸೇರಿಸುವ ಮೆಷಿನ್, ಬೇಕಂತೆ. ಹೋದ ಚಳಿಗಾಲ ಅವರು ಮಗಳ ಮನೆಯಲ್ಲಿದ್ದರು, ಕೆನಡಾದ ಎಡ್ಮಂಟನ್‌ನಲ್ಲಿ. ಅಲ್ಲಿ ಮಂಚದ ಪಕ್ಕ ಒಂದು ಮೆಷಿನ್ ರಾತ್ರಿಯಿಡೀ ಹೊಗೆ ಬಿಡುತ್ತಿತ್ತು, ಮೂಗು ಗಂಟಲು ಎಲ್ಲ ಹಾಯಾಗಿತ್ತು ಅಂತ ದಿನಾ ಹೇಳುತ್ತಾರೆ. ಇಲ್ಲಿ ಬೆಳಿಗ್ಗೆ ಎದ್ದರೆ ಗಂಟಲು ಒಣಗಿರುತ್ತದೆ, ತುಟಿ ಬಿರಿದಿರುತ್ತದೆ, ಮೂಗಿನಲ್ಲಿ ಹಕ್ಕಳೆ ಕಟ್ಟುತ್ತದೆ. ನಾದಿನಿ ಬೇರೆ ಫೋನ್ ಮಾಡಿದಾಗಲೆಲ್ಲ "ಇನ್ನೂ ತಗೊಂಡಿಲ್ವಾ ಅತ್ತಿಗೆ?" ಅಂತ ಕೇಳುತ್ತಾಳೆ.

ಮೇನ್ ರೋಡಿನ ಅಂಗಡಿಯವನು ಅಲ್ಟ್ರಾಸಾನಿಕ್ ಅಂತ ಒಂದು ತೋರಿಸಿದ. 1,800 ರೂಪಾಯಿ, ಏಳು ಬಣ್ಣದ ಲೈಟ್ ಇದೆ, ನೀಲಗಿರಿ ಎಣ್ಣೆ ಎರಡು ಹನಿ ಹಾಕಿದರೆ ನೆಗಡಿಯೂ ಹೋಗುತ್ತದೆ ಅಂದ. ಆನ್‌ಲೈನ್‌ನಲ್ಲಿ ನೋಡಿದರೆ ಎವಾಪರೇಟಿವ್ ಅಂತ ಇನ್ನೊಂದು, ಅದು ಹತ್ತು ಸಾವಿರದ ಮೇಲೆ. ಬಿಸಿ ಹಬೆ ಬಿಡುವುದು ಇನ್ನೊಂದು. ತಲೆ ಕೆಟ್ಟುಹೋಯಿತು.

ಅತ್ತೆ ಮಲಗುವ ರೂಮು 10x12. ಕಿಟಕಿಗೆ ಸೊಳ್ಳೆ ಮೆಶ್ ಇದೆ, ಹಾಗಾಗಿ ರಾತ್ರಿ ಅರ್ಧ ತೆಗೆದೇ ಇರುತ್ತದೆ. ಫ್ಯಾನ್ ಇಲ್ಲದೆ ಅವರಿಗೆ ನಿದ್ದೆ ಬರಲ್ಲ, ಡಿಸೆಂಬರ್ ಆದರೂ ಸರಿ. ಯುಕೆಜಿ ಓದುವ ನನ್ನ ಮಗನೂ ಅಜ್ಜಿ ಪಕ್ಕವೇ ಮಲಗುವುದು, ಅವನಿಗೆ ಆಗಾಗ ವೀಸಿಂಗ್ ಬರುತ್ತದೆ. ಸಂಪಿನಲ್ಲಿ ಕಾವೇರಿ, ಬೋರ್ ಎರಡೂ ಸೇರಿರುತ್ತದೆ. ಗೊತ್ತಿರುವವರು ಹೇಳಿ. ತಗೊಳ್ಳಬೇಕಾ, ಬೇಡವಾ? ತಗೊಂಡರೆ ಅದನ್ನು ತೊಳೆಯುವ ಕೆಲಸ ಎಷ್ಟು? ಯಾಕಂದ್ರೆ ಅದು ನನ್ನ ಪಾಲಿಗೇ ಬರುತ್ತದೆ.

ಹವಾಮಾನ_ಹುಚ್ಚ:

ಮೇಡಂ, 1,800 ಕೊಡುವ ಮೊದಲು ಮುನ್ನೂರು ನಾನೂರು ಖರ್ಚು ಮಾಡಿ ತೇವಾಂಶ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ತಗೊಳ್ಳಿ. ಎಸ್.ಪಿ. ರೋಡಿನಲ್ಲಿ ಕೇಳಿದರೆ ಸಿಗುತ್ತದೆ, ಆನ್‌ಲೈನ್‌ನಲ್ಲಂತೂ ಬೇಕಾದಷ್ಟಿದೆ. ರೂಮಿನ ತೇವಾಂಶ ಎಷ್ಟು ಅಂತ ಗೊತ್ತಿಲ್ಲದೆ ಮೆಷಿನ್ ತರುವುದು ಜ್ವರ ಇದೆಯೋ ಇಲ್ಲವೋ ನೋಡದೆ ಮಾತ್ರೆ ನುಂಗಿದ ಹಾಗೆ.

ಎಡ್ಮಂಟನ್ ಕಥೆ ಬೇರೆ, ನಮ್ಮ ಕಥೆ ಬೇರೆ. ಚಳಿ ಇದ್ದ ಮಾತ್ರಕ್ಕೆ ಮನೆಯೊಳಗೆ ಒಣಗಲ್ಲ. ತಣ್ಣನೆ ಗಾಳಿಯನ್ನು ಒಳಗೆ ತಂದು ಬಿಸಿ ಮಾಡಿದಾಗ ಒಣಗುತ್ತದೆ. ಮೈನಸ್ 20 ಡಿಗ್ರಿ ಗಾಳಿ ಒಂದು ಘನ ಮೀಟರಿಗೆ ಸುಮಾರು ಒಂದು ಗ್ರಾಂ ನೀರಾವಿ ಹಿಡಿದುಕೊಂಡರೆ ಅದೇ ಹೆಚ್ಚು. ಅದನ್ನು ಹೀಟರ್ ಹಾಕಿ 21 ಡಿಗ್ರಿಗೆ ತಂದರೆ ಅಷ್ಟೇ ಗಾಳಿ 18 ಗ್ರಾಂ ಹಿಡಿಯಬಲ್ಲದು, ಒಳಗಿರುವುದು ಮಾತ್ರ ಆ ಒಂದೇ ಗ್ರಾಂ. ಅಂದರೆ ತೇವಾಂಶ 5-6 ಪರ್ಸೆಂಟ್. ಅಡುಗೆ, ಸ್ನಾನ, ಉಸಿರು ಎಲ್ಲ ಸೇರಿ ಅದನ್ನು ಒಂದಿಷ್ಟು ಮೇಲೆತ್ತುತ್ತವೆ, ಆದರೂ ಮನೆ ಒಣಕಲೇ.

ಈಗ ನಮ್ಮ ಲೆಕ್ಕ ನೋಡಿ. ಜನವರಿ ಬೆಳಗಿನ ಜಾವ ಹೊರಗೆ 16 ಡಿಗ್ರಿ, ತೇವಾಂಶ 80 ಅಂದುಕೊಳ್ಳಿ. ಅದು ಘನ ಮೀಟರಿಗೆ ಸುಮಾರು 11 ಗ್ರಾಂ ಆಯಿತು. ನಿಮ್ಮ ರೂಮು 23 ಡಿಗ್ರಿ ಇದ್ದರೆ ಆ ಗಾಳಿ ಒಳಗೆ ಬಂದ ಮೇಲೆ 53 ಪರ್ಸೆಂಟ್ ಹತ್ತಿರ ಇರುತ್ತದೆ. ನಮ್ಮ ಮನೆಗಳಲ್ಲಿ ಹೀಟರ್ ಎಲ್ಲಿದೆ? ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಡಿಸೆಂಬರ್ ಬೆಳಿಗ್ಗೆ ಏರ್‌ಪೋರ್ಟ್‌ನಲ್ಲಿ ಮಂಜು ಕವಿದು ಫ್ಲೈಟ್ ತಡ ಆಗುವ ಊರು ಇದು. ಮಂಜು ಬಿದ್ದಿದೆ ಅಂದರೆ ಹೊರಗೆ ತೇವಾಂಶ 100ರ ಹತ್ತಿರ ಇದೆ ಅಂತಲೇ ಅರ್ಥ.

ಹಾಗಂತ ಇಲ್ಲಿ ಒಣಗಾಳಿ ಇಲ್ಲವೇ ಇಲ್ಲ ಅಂತಲ್ಲ. ಇದೆ, ಆದರೆ ಅದರ ಹೊತ್ತು ಬೇರೆ. ನಮ್ಮಲ್ಲಿ ಗಾಳಿ ನಿಜವಾಗಿ ಒಣಗುವುದು ಫೆಬ್ರವರಿ, ಮಾರ್ಚ್ ಮಧ್ಯಾಹ್ನ. ಆಗ 30ಕ್ಕಿಂತ ಕೆಳಗೂ ಇಳಿಯುತ್ತದೆ. ಡಿಸೆಂಬರ್‌ನಲ್ಲಿ ಸ್ವೆಟರ್ ಹಾಕಿಕೊಂಡಾಗ ಚರ್ಮ ಬಿಳಿಚಿದ್ದು ಕಾಣುತ್ತದೆ, ಹಾಗಾಗಿ ಚಳಿಯೇ ಕಾರಣ ಅಂದುಕೊಳ್ಳುತ್ತೇವೆ.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ, ನನಗೆ ಇದೇ ಹುಚ್ಚು. 10x12 ರೂಮು, ಹತ್ತಡಿ ಎತ್ತರ ಅಂದರೆ ಸುಮಾರು 34 ಘನ ಮೀಟರ್ ಗಾಳಿ. 25 ಡಿಗ್ರಿಯಲ್ಲಿ ಇದನ್ನು 30ರಿಂದ 45 ಪರ್ಸೆಂಟಿಗೆ ಏರಿಸಲು ಬೇಕಾಗಿರುವುದು ಬರೀ 120 ಮಿಲಿಲೀಟರ್ ನೀರು. ಒಂದು ಸಣ್ಣ ಲೋಟ! ಅಲ್ಟ್ರಾಸಾನಿಕ್ ಮೆಷಿನ್‌ಗಳು ಗಂಟೆಗೆ 200-300 ಮಿಲಿ ಉಗುಳುತ್ತವೆ. ಬಾಗಿಲು ಕಿಟಕಿ ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಗೋಡೆ ಬೆವರುತ್ತದೆ. ಕಿಟಕಿ ಅರ್ಧ ತೆಗೆದಿದ್ದರೆ ಹಾಕಿದ್ದೆಲ್ಲ ಬೀದಿಗೆ ಹೋಗುತ್ತದೆ. ನಿಮ್ಮದು ಎರಡನೆಯ ಕೇಸು. ವಿಜಯನಗರಕ್ಕೆಲ್ಲ ತೇವ ಹಾಕಲು ಆಗಲ್ಲ ಅಲ್ವಾ?

ಹೈಗ್ರೋಮೀಟರ್ ತಂದ ಮೇಲೆ ಅದು ಸರಿ ಇದೆಯಾ ನೋಡಿ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ. ಕೆಲವೇ ಹನಿ ನೀರು ಬಿಡಿ, ಉಪ್ಪು ಒದ್ದೆ ಮರಳಿನ ಹದಕ್ಕೆ ಬರಬೇಕು, ಕರಗಬಾರದು. ಆ ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿ ಹಾಕಿ ಗಾಳಿ ಆಡದ ಹಾಗೆ ಮುಚ್ಚಿ ಇಡೀ ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಮೀಟರ್ 5 ಕಡಿಮೆ ಹೇಳುತ್ತಿದೆ ಅಂತ ಮೇಲೆ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ಅಗ್ಗದ ಮೀಟರಿನಲ್ಲಿ ಅಷ್ಟು ಆಚೆ ಈಚೆ ಇದ್ದೇ ಇರುತ್ತದೆ.

ತಿಂಡಿಪೋತ_560040:

ಗುರೂ, ಇಷ್ಟೆಲ್ಲ ಯಾಕೆ? ರೂಮಿನಲ್ಲಿ ಒಂದು ಬಕೆಟ್ ನೀರು ಇಟ್ಟರೆ ಆಯ್ತಪ್ಪ. ನಮ್ಮಜ್ಜಿ ಅದನ್ನೇ ಮಾಡುತ್ತಿದ್ದರು.

ಹವಾಮಾನ_ಹುಚ್ಚ:

@ತಿಂಡಿಪೋತ ಬಕೆಟಿನ ಬಾಯಿ ಎಷ್ಟಗಲ ಇದೆ ಹೇಳಿ. ಅಷ್ಟು ಜಾಗದಿಂದ ರಾತ್ರಿಯೆಲ್ಲ ಆರುವ ನೀರು ತುಂಬಾ ಕಡಿಮೆ. ಅದರ ಬದಲು ಒಗೆದ ಬಟ್ಟೆಯನ್ನು ಸ್ಟ್ಯಾಂಡಿಗೆ ಹಾಕಿ ರೂಮಿನಲ್ಲೇ ಒಣಗಿಸಿ. ಹಿಂಡಿದ ಬಟ್ಟೆಯನ್ನು ಒಮ್ಮೆ ತೂಕ ಮಾಡಿ, ಒಣಗಿದ ಮೇಲೆ ಇನ್ನೊಮ್ಮೆ ಮಾಡಿ. ನಡುವೆ ಕಡಿಮೆಯಾದ ತೂಕ ಪೂರ್ತಿ ಗಾಳಿಗೆ ಹೋದ ನೀರು. ಎರಡು ಒದ್ದೆ ಟರ್ಕಿ ಟವೆಲ್ ಸಾಕು ಒಂದು ರೂಮಿಗೆ. ಸೊಳ್ಳೆ ಮೊಟ್ಟೆ ಇಡುವ ಭಯವೂ ಇಲ್ಲ. ಬಕೆಟಿನಲ್ಲಿ ಆ ಭಯ ಇದೆ, ಡೆಂಗ್ಯೂ ಊರಿನಲ್ಲಿ ನೀರು ತೆರೆದು ಇಡಬೇಡಿ.

ಮೈನಸ್_ಮೂವತ್ತು:

ನಾನು ಹನುಮಂತನಗರದವನು, ಈಗ ಇರುವುದು ಕ್ಯಾಲ್ಗರಿಯಲ್ಲಿ. ನಿಮ್ಮ ನಾದಿನಿ ಊರಿನಿಂದ ಮೂರು ಗಂಟೆ ದಾರಿ. ಈ ವಿಷಯದಲ್ಲಿ ನಮ್ಮಂಥ ಎನ್ನಾರೈಗಳ ಮಾತು ಕೇಳಬೇಡಿ ಅಂತ ಹೇಳಲೆಂದೇ ಬರೆಯುತ್ತಿದ್ದೇನೆ 😀

ಇಲ್ಲಿ ಹ್ಯುಮಿಡಿಫೈಯರ್ ಶೋಕಿ ಅಲ್ಲ. ಚಳಿಗಾಲದಲ್ಲಿ ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಶಾಕ್ ಹೊಡೆಯುತ್ತದೆ, ಕಂಬಳಿ ಎಳೆದರೆ ಕತ್ತಲಲ್ಲಿ ಕಿಡಿ ಕಾಣುತ್ತದೆ. ಮಕ್ಕಳಿಗೆ ಮೂಗಿನಲ್ಲಿ ರಕ್ತ ಬರುವುದು ಮಾಮೂಲು. ಊರಿಂದ ತಂದ ವೀಣೆಯನ್ನು ಹಾಗೇ ಹಾಲ್‌ನಲ್ಲಿ ಇಟ್ಟರೆ ಹಲಸಿನ ಮರ ಕುಗ್ಗಿ ಬಿರುಕು ಬಿಡುತ್ತದೆ. ವೀಣೆ ಇರುವ ಮನೆಯವರು ಆ ರೂಮಿಗೆ ಮಾತ್ರ ಬೇರೆ ಮೆಷಿನ್ ಇಟ್ಟು 40ರ ಮೇಲೆ ಕಾಯುತ್ತಾರೆ.

ಆದರೆ ಇಲ್ಲೂ ಅದನ್ನು ಎಷ್ಟು ತಿರುಗಿಸಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಫರ್ನೇಸ್‌ಗೆ (ಮನೆ ಪೂರ್ತಿ ಬಿಸಿ ಮಾಡುವ ಹೀಟರ್) ಜೋಡಿಸಿದ ಹ್ಯುಮಿಡಿಫೈಯರ್ ಆದರೆ ಗೋಡೆ ಮೇಲಿನ ಡಯಲ್ ಹತ್ತಿರ ಸಾಮಾನ್ಯವಾಗಿ ಒಂದು ಪಟ್ಟಿ ಅಂಟಿಸಿರುತ್ತಾರೆ. ಹೊರಗೆ ಮೈನಸ್ 7 ಇದ್ದರೆ ಒಳಗೆ 35, ಮೈನಸ್ 18 ಆದರೆ 25, ಮೈನಸ್ 29ಕ್ಕೆ ಇಳಿದರೆ 15. ಹೊರಗೆ ಚಳಿ ಏರಿದಷ್ಟೂ ಒಳಗೆ ತೇವ ಇಳಿಸಬೇಕು. ಕೇಳಿದವರಿಗೆ ಇದು ತಲೆಕೆಳಗು ಅನಿಸುತ್ತದೆ. ಕಾರಣ ಕಿಟಕಿ. ಮನೆಯೊಳಗೆ 21 ಡಿಗ್ರಿ, ತೇವಾಂಶ 40 ಇದೆ ಅಂದರೆ 7 ಡಿಗ್ರಿಗಿಂತ ತಣ್ಣಗಿರುವ ಗಾಜು ಎಲ್ಲಿದ್ದರೂ ಅದರ ಮೇಲೆ ನೀರು ಕೂರುತ್ತದೆ. ಆ ನೀರು ಕೆಳಗಿಳಿದು ಮರದ ಚೌಕಟ್ಟಿನಲ್ಲಿ ಇಂಗುತ್ತದೆ, ಇಲ್ಲವೇ ಅಲ್ಲೇ ಮಂಜುಗಡ್ಡೆ ಆಗುತ್ತದೆ. ವಸಂತ ಬರುವ ಹೊತ್ತಿಗೆ ಚೌಕಟ್ಟು ಕಪ್ಪಾಗಿರುತ್ತದೆ. ಅದು ಬೂಷ್ಟು. ನಮ್ಮ ಕಡೆ ಚಿನೂಕ್ ಅಂತ ಬಿಸಿ ಗಾಳಿ ಬೀಸುತ್ತದೆ, ಬೆಳಿಗ್ಗೆ ಮೈನಸ್ 20 ಇದ್ದದ್ದು ಸಂಜೆಗೆ ಸೊನ್ನೆ ದಾಟಿಬಿಡಬಹುದು, ಆಗ ಮತ್ತೆ ಡಯಲ್ ತಿರುಗಿಸಬೇಕು. ಒಂದು ಸಲ ಇಟ್ಟು ಮರೆಯುವ ಸಾಮಾನಲ್ಲ ಇದು.

ನಿಮ್ಮ ನಾದಿನಿ ಮನೆ ಕಿಟಕಿಯಲ್ಲಿ ಬೆಳಿಗ್ಗೆ ನೀರು ಹರಿಯುತ್ತದಾ ಕೇಳಿ. ಹರಿಯುತ್ತಿದ್ದರೆ ಅವರು ಜಾಸ್ತಿ ಬಿಡುತ್ತಿದ್ದಾರೆ. ಡಯಲ್ 5 ಇಳಿಸಿ ಮಾರನೆಯ ದಿನ ನೋಡಲಿ, ಗಾಜು ಒಣಗುವ ತನಕ ಹಾಗೇ ಇಳಿಸುತ್ತಾ ಹೋಗಲಿ. ಫರ್ನೇಸ್‌ನದಾದರೆ ಒಳಗಿನ ಪ್ಯಾಡನ್ನು ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮೊದಲು ಬದಲಾಯಿಸಬೇಕು. ಹಳೇ ಪ್ಯಾಡ್ ಸುಣ್ಣ ಕಟ್ಟಿ ಕಲ್ಲಾಗಿರುತ್ತದೆ, ನೀರು ಅದರ ಮೇಲೆ ಜಾರಿ ನೇರ ಚರಂಡಿಗೆ ಹೋಗುತ್ತದೆ.

ಟೇಬಲ್ ಮೇಲೆ ಇಡುವ ಮೆಷಿನ್ ಒಂದು ರೂಮಿಗೆ ಮಾತ್ರ ಸಾಲುತ್ತದೆ. 1,500 ಚದರಡಿ ಮನೆ ಪೂರ್ತಿ 10ರಿಂದ 35ಕ್ಕೆ ಏರಿಸಿ ಹಿಡಿಯಬೇಕಾದರೆ, ಗಾಳಿ ಎಷ್ಟು ಸೋರುತ್ತದೆ ಅನ್ನುವುದರ ಮೇಲೆ, ದಿನಕ್ಕೆ ಹತ್ತು ಲೀಟರ್ ಹತ್ತಿರ ನೀರು ಬೇಕಾಗುತ್ತದೆ. ಸಣ್ಣ ಡಬ್ಬ ಇಟ್ಟು "ಏನೂ ಪ್ರಯೋಜನ ಇಲ್ಲ" ಅಂತ ಬೈಯುವವರು ಇಲ್ಲೂ ಇದ್ದಾರೆ.

ಸಂಪು_ಸಿಂಟೆಕ್ಸ್:

ನೀರಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಬೆಂಗಳೂರಿನಲ್ಲಿ ಅಲ್ಟ್ರಾಸಾನಿಕ್‌ಗೆ ದೊಡ್ಡ ಶತ್ರು ಅಂದರೆ ಬೋರ್ ನೀರು.

ಅಲ್ಟ್ರಾಸಾನಿಕ್ ಒಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಡಿಸ್ಕ್ ಇರುತ್ತದೆ. ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ನಡುಗಿ ನೀರನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ಮೇಲಕ್ಕೆ ಎಸೆಯುತ್ತದೆ. ಅದು ಆವಿ ಅಲ್ಲ, ಹೊಗೆಯೂ ಅಲ್ಲ, ನೀರೇ. ನೀರಿನಲ್ಲಿ ಏನಿದೆಯೋ ಎಲ್ಲ ಹನಿಯ ಜೊತೆ ಗಾಳಿಗೆ ಬರುತ್ತದೆ. ಹನಿ ಆರಿದ ಮೇಲೆ ಒಳಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಪುಡಿಯಾಗಿ ಟಿವಿ, ಕಪಾಟು, ದಿಂಬು ಎಲ್ಲದರ ಮೇಲೂ ಕೂರುತ್ತದೆ. ನಿಮ್ಮ ಗೀಸರ್ ಕಾಯಿಲ್ ಮೇಲೆ ಕಟ್ಟುವುದೂ ಅದೇ.

ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಸಂಪಿನ ನೀರಿಗೆ ಹಾಕಿ ನೋಡಿ. 500 ತೋರಿಸಿತು ಅಂದುಕೊಳ್ಳಿ. ಅಂದರೆ ಲೀಟರಿಗೆ ಅರ್ಧ ಗ್ರಾಂ ಉಪ್ಪು. ರಾತ್ರಿಗೆ ಎರಡು ಲೀಟರ್ ಖಾಲಿಯಾದರೆ ಒಂದು ಗ್ರಾಂ ಪುಡಿ ಆ ರೂಮಿಗೆ ಹೋಯಿತು. ಮಗು ಮಲಗಿರುವ ರೂಮಿಗೆ, ಅದೂ ವೀಸಿಂಗ್ ಇರುವ ಮಗು! ಮನೆಯಲ್ಲಿ ಏರ್ ಪ್ಯೂರಿಫೈಯರ್ ಇರುವವರು ಪಕ್ಕದಲ್ಲೇ ಇದನ್ನು ಹಚ್ಚಿ ನೋಡಿ, ಗಾಳಿಯ ಸಣ್ಣ ಧೂಳು ತೋರಿಸುವ ಪಿಎಂ 2.5 ಮೀಟರ್ ಹೇಗೆ ಏರುತ್ತದೆ ಅಂತ ಗೊತ್ತಾಗುತ್ತದೆ.

ಹಾಗಾಗಿ ಅಲ್ಟ್ರಾಸಾನಿಕ್ ತಗೊಂಡರೆ ಡಿಸ್ಟಿಲ್ಡ್ ನೀರೇ ಸರಿ. ಆರ್‌ಓ ನೀರು ಎರಡನೆಯ ಆಯ್ಕೆ. ಆದರೆ ನಮ್ಮ ಆರ್‌ಓ ಮೆಷಿನ್‌ಗಳಲ್ಲಿ ರುಚಿಗೆ ಅಂತ ಮಿನರಲ್ ವಾಪಸ್ ಸೇರಿಸುವ ಕಾರ್ಟ್ರಿಡ್ಜ್ ಅಥವಾ ಟಿಡಿಎಸ್ ಕಂಟ್ರೋಲರ್ ಇರುತ್ತದೆ, ಹೊರಬರುವ ನೀರನ್ನೂ ಒಮ್ಮೆ ಅಳೆದು ನೋಡಿ. ಕುದಿಸಿ ಆರಿಸಿದ ನೀರು ಹಾಕಬಹುದಾ ಅಂತ ಕೇಳುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಸ್ವಲ್ಪ ಸುಣ್ಣ ಪಾತ್ರೆ ತಳಕ್ಕೆ ಕಟ್ಟುತ್ತದೆ, ಮಿಕ್ಕ ಉಪ್ಪು ನೀರಲ್ಲೇ ಉಳಿಯುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು? ಅದರಲ್ಲಿ ಉಪ್ಪು ಇರಲ್ಲ ನಿಜ, ಆದರೆ ಕಾಯಿಲ್ ಮೇಲಿನ ಧೂಳು ಕೊಳೆ ಎಲ್ಲ ತೊಳೆದುಕೊಂಡು ಬಂದಿರುತ್ತದೆ. ಗಿಡಕ್ಕೆ ಹಾಕಿ.

ಎವಾಪರೇಟಿವ್‌ನಲ್ಲಿ ಈ ರಗಳೆ ಕಡಿಮೆ. ಒಂದು ಒದ್ದೆ ಪ್ಯಾಡ್, ಅದರ ಹಿಂದೆ ಫ್ಯಾನ್. ನೀರು ಮಾತ್ರ ಆರಿ ಹೋಗುತ್ತದೆ, ಉಪ್ಪು ಪ್ಯಾಡಿನಲ್ಲೇ ಉಳಿಯುತ್ತದೆ. ಇನ್ನೊಂದು ಒಳ್ಳೆಯದು, ರೂಮಿನಲ್ಲಿ ತೇವ ಹೆಚ್ಚಿದಷ್ಟೂ ಪ್ಯಾಡ್ ಆರುವುದು ತಾನಾಗೇ ನಿಧಾನ ಆಗುತ್ತದೆ, ಗೋಡೆ ಬೆವರುವ ಮಟ್ಟಕ್ಕೆ ಸುಲಭವಾಗಿ ಹೋಗಲ್ಲ. ಬೇಸಿಗೆಯ ಏರ್ ಕೂಲರ್ ಕೆಲಸ ಮಾಡುವುದೂ ಹೀಗೇ. ಮನೆಯಲ್ಲಿ ಕೂಲರ್ ಇದ್ದವರು ಮಾರ್ಚ್‌ನಲ್ಲಿ ಬೇರೆ ಹ್ಯುಮಿಡಿಫೈಯರ್ ತರುವುದು ಸುಮ್ನೆ ದುಡ್ಡು ದಂಡ. ಗಡಸು ನೀರಿಗೆ ಪ್ಯಾಡ್ ಬೇಗ ಕಲ್ಲಾಗುತ್ತದೆ, ಅದೊಂದೇ ಖರ್ಚು. ತಗೊಳ್ಳುವ ಮೊದಲು ಆ ಮಾಡೆಲ್‌ನ ಪ್ಯಾಡ್ ಬೇರೆಯಾಗಿ ಸಿಗುತ್ತದಾ, ಎಷ್ಟಕ್ಕೆ ಸಿಗುತ್ತದೆ ಅಂತ ನೋಡಿಕೊಳ್ಳಿ. ಪ್ಯಾಡ್ ಸಿಗದಿದ್ದರೆ ಮೆಷಿನ್ ಗುಜರಿಗೆ.

ಬಿಸಿ ಹಬೆಯದ್ದು ಕ್ರಿಮಿ ವಿಷಯದಲ್ಲಿ ಚೆನ್ನಾಗಿದೆ, ನೀರು ಕುದ್ದೇ ಹೊರಗೆ ಬರುತ್ತದೆ. ಆದರೆ ಕರೆಂಟ್ ಜಾಸ್ತಿ, ಮತ್ತೆ ಚಿಕ್ಕ ಮಗು ಓಡಾಡುವ ರೂಮಿನಲ್ಲಿ ಕುದಿಯುವ ನೀರು ಇಡುವುದು ಬೇಡವೇ ಬೇಡ.

ಗಿರಿನಗರ_ಸಿಸ್ಟರ್:

ನಾನು ಆಸ್ಪತ್ರೆಯಲ್ಲಿ ನರ್ಸ್. ಅಂಗಡಿಯವನ ನೀಲಗಿರಿ ಎಣ್ಣೆ ಸಲಹೆ ಓದಿ ಸುಮ್ಮನಿರಲು ಆಗಲಿಲ್ಲ. ಟ್ಯಾಂಕಿಗೆ ಎಣ್ಣೆ, ಬಾಮ್, ಡೆಟಾಲ್, ಪಚ್ಚಕರ್ಪೂರ ಯಾವುದೂ ಹಾಕಬೇಡಿ. ಎಣ್ಣೆಗೆ ಪ್ಲಾಸ್ಟಿಕ್ ಟ್ಯಾಂಕ್ ಸೀಳು ಬಿಡುತ್ತದೆ, ಅದಿರಲಿ. ವೀಸಿಂಗ್ ಇರುವ ಮಗುವಿಗೆ ಘಾಟು ಎಣ್ಣೆಯ ಹನಿ ರಾತ್ರಿಯಿಡೀ ಉಸಿರಿನಲ್ಲಿ ಹೋದರೆ ಅದೇ ವೀಸಿಂಗ್ ಎಬ್ಬಿಸಬಹುದು.

ನೀರು ಕೆಡದಿರಲಿ ಅಂತ ಕ್ರಿಮಿನಾಶಕ ಹಾಕುವುದಂತೂ ಪ್ರಾಣಕ್ಕೇ ಕುತ್ತು. ದಕ್ಷಿಣ ಕೊರಿಯಾದಲ್ಲಿ 1994ರಿಂದ ಹ್ಯುಮಿಡಿಫೈಯರ್ ನೀರಿಗೆ ಹಾಕಲೆಂದೇ ಒಂದು ಬಗೆಯ ಕ್ರಿಮಿನಾಶಕ ಅಂಗಡಿಗಳಲ್ಲಿ ಮಾರುತ್ತಿದ್ದರು. ಆ ರಾಸಾಯನಿಕ ಹನಿಯಾಗಿ ಶ್ವಾಸಕೋಶಕ್ಕೆ ಹೋದಾಗ ಶ್ವಾಸಕೋಶ ಗಟ್ಟಿಯಾಗಿ ಬಾಣಂತಿಯರು, ಗರ್ಭಿಣಿಯರು, ಎಳೆ ಮಕ್ಕಳು ಸತ್ತರು. ಕಾರಣ ಏನು ಅಂತ ಅಲ್ಲಿನ ಸರ್ಕಾರಕ್ಕೆ ಗೊತ್ತಾಗಿ ಮಾರಾಟ ನಿಂತದ್ದು 2011ರಲ್ಲಿ. ಸತ್ತವರ ಸಂಖ್ಯೆ ಸಾವಿರ ದಾಟಿದೆ. ಮೆಷಿನ್ ತೊಳೆಯಲು ಏನೇ ಬಳಸಿದರೂ ಆಮೇಲೆ ವಾಸನೆ ಪೂರ್ತಿ ಹೋಗುವ ತನಕ ನೀರಿನಲ್ಲಿ ಜಾಲಿಸಿ. ಓಡುವಾಗ ಒಳಗೆ ನೀರು ಬಿಟ್ಟು ಇನ್ನೇನೂ ಇರಬಾರದು.

ತೊಳೆಯುವ ಕೆಲಸ ಎಷ್ಟು ಅಂತ ಕೇಳಿದ್ದೀರಿ, ಇದೆ ಕಣ್ರೀ, ದಿನಾ ಇದೆ. ಬೆಳಿಗ್ಗೆ ಎದ್ದು ಪ್ಲಗ್ ತೆಗೆದು ಉಳಿದ ನೀರು ಚೆಲ್ಲಿ, ಟ್ಯಾಂಕನ್ನು ಒರೆಸಿ ಬೋರಲು ಹಾಕಬೇಕು. ನಿನ್ನೆಯ ನೀರಿನ ಮೇಲೆ ಇವತ್ತಿನ ನೀರು ಸುರಿಯುವುದು ಬೇಡ. ಟ್ಯಾಂಕಿನ ಒಳಗೋಡೆಗೆ ಬೆರಳು ಆಡಿಸಿ ನೋಡಿ, ಲೋಳೆ ಲೋಳೆ ಅನಿಸಿದರೆ ಅಲ್ಲಿ ಬ್ಯಾಕ್ಟೀರಿಯಾ ಮನೆ ಕಟ್ಟಿದೆ. ಅಲ್ಟ್ರಾಸಾನಿಕ್ ಅದನ್ನೂ ಹನಿ ಮಾಡಿ ಮೂಗಿಗೆ ಕೊಡುತ್ತದೆ. ಕೊಳಕು ಮೆಷಿನ್‌ನಿಂದ ಜ್ವರ, ಕೆಮ್ಮು, ಏದುಸಿರು ಬರುವುದಕ್ಕೆ ಹ್ಯುಮಿಡಿಫೈಯರ್ ಲಂಗ್ ಅಂತಲೇ ಹೆಸರಿದೆ.

ಮೂರು ದಿನಕ್ಕೊಮ್ಮೆ ಸರಿಯಾಗಿ ತೊಳೆಯಿರಿ. ಬಿಳಿ ವಿನೆಗರ್ ಅರ್ಧ, ನೀರು ಅರ್ಧ, ಅರ್ಧ ಗಂಟೆ ನೆನೆಯಲಿ. ವಿನೆಗರ್ ಇಲ್ಲದಿದ್ದರೆ ನಿಂಬೆ ಉಪ್ಪು ಕರಗಿಸಿದ ನೀರೂ ನಡೆಯುತ್ತದೆ. ಡಿಸ್ಕ್ ಮೇಲಿನ ಸುಣ್ಣವನ್ನು ಹಳೇ ಟೂತ್‌ಬ್ರಶ್‌ನಿಂದ ಮೆಲ್ಲಗೆ ಉಜ್ಜಿ. ಚಾಕು, ಸ್ಕ್ರಬ್ಬರ್ ಹಾಕಿ ಕೆರೆದರೆ ಡಿಸ್ಕ್ ಹೋಯಿತು. ವಿನೆಗರ್ ಸುಣ್ಣ ತೆಗೆಯುತ್ತದೆ, ಕ್ರಿಮಿಗೆ ಮೆಡಿಕಲ್ ಶಾಪಿನ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಎರಡನ್ನೂ ಒಟ್ಟಿಗೆ ಸುರಿಯಬೇಡಿ, ಒಂದನ್ನು ತೊಳೆದ ಮೇಲೆ ಇನ್ನೊಂದು. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಜೊತೆ ವಿನೆಗರ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಆ ಪ್ರಯೋಗ ಮಾಡಬೇಡಿ.

ಮನೆಯ ತೇವಾಂಶ 30ರಿಂದ 50ರ ನಡುವೆ ಇದ್ದರೆ ಸಾಕು. 50ರ ಮೇಲೆ ಹೋದ ಹಾಗೆಲ್ಲ ಹಾಸಿಗೆ ದಿಂಬಿನಲ್ಲಿ ಡಸ್ಟ್ ಮೈಟ್ ಅನ್ನುವ ಕಣ್ಣಿಗೆ ಕಾಣದ ಹುಳ ಹೆಚ್ಚುತ್ತದೆ, 60 ದಾಟಿದರೆ ಬೂಷ್ಟು. ವೀಸಿಂಗ್ ಮಕ್ಕಳಿಗೆ ಎರಡೂ ಆಗಿಬರಲ್ಲ. ರೇಷ್ಮೆ ಸೀರೆ ಇರುವ ಕಪಾಟು ಅದೇ ರೂಮಿನಲ್ಲಿದ್ದರೆ ಅದನ್ನೂ ಯೋಚನೆ ಮಾಡಿ.

ಇನ್ನು ನಿಮ್ಮ ಅತ್ತೆ. ಗಂಟಲು ಒಣಗುವುದಕ್ಕೆಲ್ಲ ಗಾಳಿಯೇ ಕಾರಣ ಅಲ್ಲ. ಅವರು ಸೀನಿಗೆ, ಅಲರ್ಜಿಗೆ ಮಾತ್ರೆ ತಗೊಳ್ಳುತ್ತಾರಾ? ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದೆಯಾ? ಇವೆರಡೂ ಬಾಯಿ ಒಣಗಿಸುತ್ತವೆ. ಶುಗರ್ ಇದ್ದರೂ ಹೀಗಾಗುತ್ತದೆ. ಮೂಗು ಕಟ್ಟಿ ಬಾಯಿಂದ ಉಸಿರಾಡಿ, ಮೇಲಿಂದ ಫ್ಯಾನ್ ನೇರ ಮುಖಕ್ಕೆ ಬೀಸಿದರೆ ಗಂಟಲು ಒಣಗದೆ ಇನ್ನೇನಾಗುತ್ತದೆ ಹೇಳಿ. ನಾನಾಗೇ ಮಾತ್ರೆ ನಿಲ್ಲಿಸಿ ಅಂತ ಹೇಳುತ್ತಿಲ್ಲ, ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ. ಹಕ್ಕಳೆಗೆ ಸಲೈನ್ ಮೂಗಿನ ಹನಿ ಒಳ್ಳೆಯದು, ಮಲಗುವ ಮೊದಲು ಬಿಡಿ. ಮಗುವಿನ ಮೂಗಿಗೆ ಎಣ್ಣೆ ತುಪ್ಪ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಮೂಗಿನಿಂದ ಪದೇ ಪದೇ ರಕ್ತ ಬಂದರೆ ಮೆಷಿನ್ ಅಲ್ಲ, ಇಎನ್‌ಟಿ ನೋಡಿ, ಬಿಪಿಯನ್ನೂ ನೋಡಿಸಿ.

ವಿಜಯನಗರ_ಸೊಸೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೈಗ್ರೋಮೀಟರ್ ತರಿಸಿದೆ, ಉಪ್ಪಿನ ಪರೀಕ್ಷೆಯಲ್ಲಿ 73 ಬಂತು, ಪರವಾಗಿಲ್ಲ ಅಲ್ವಾ. ಅತ್ತೆ ರೂಮಿನಲ್ಲಿ ಬೆಳಿಗ್ಗೆ ಆರಕ್ಕೆ 58, ಮಧ್ಯಾಹ್ನ ಮೂರಕ್ಕೆ 41. ಅಂದರೆ ರಾತ್ರಿ ಮೆಷಿನ್ ಬೇಕೇ ಇಲ್ಲ. ಅತ್ತೆಗೆ ಮೀಟರನ್ನೇ ತೋರಿಸಿದೆ. "ಈ ಡಬ್ಬಕ್ಕೇನು ಗೊತ್ತು, ಒಣಗೋದು ನನ್ನ ಗಂಟಲು" ಅಂದರು! ಆದರೂ ಮಂಚವನ್ನು ಫ್ಯಾನಿನ ಕೆಳಗಿಂದ ಕಿಟಕಿ ಕಡೆಗೆ ಸರಿಸಿ, ಸ್ಪೀಡ್ ಎರಡಕ್ಕೆ ಇಳಿಸಿದ ಮೇಲೆ ಗೊಣಗಾಟ ಕಡಿಮೆಯಾಗಿದೆ. ಸಲೈನ್ ಹನಿಯೂ ಶುರು ಮಾಡಿದ್ದೇವೆ. ಸಿಸ್ಟರ್, ಅವರು ಅಲರ್ಜಿಗೆ ಮಾತ್ರೆ ತಗೊಳ್ಳುವುದು ನಿಜ, ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಕೇಳುತ್ತೇವೆ.

ನಾದಿನಿಗೂ ಫೋನ್ ಮಾಡಿದ್ದೆ. ಕಿಟಕಿ ಕೆಳಗೆ ದಿನಾ ಟವೆಲ್ ಹಾಸುತ್ತಾಳಂತೆ, ಚೌಕಟ್ಟಿನ ಮೂಲೆ ಕಪ್ಪಾಗಿದೆಯಂತೆ. ಮೈನಸ್_ಮೂವತ್ತು ಅವರು ಬರೆದದ್ದನ್ನು ಹಾಗೇ ಕಳಿಸಿದೆ.

ಒಂದೇ ಪ್ರಶ್ನೆ ಉಳಿದಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಮೀಟರ್ 30ರ ಕೆಳಗೆ ಹೋದರೆ ಆಗ ಏನು ಮಾಡಲಿ? ನಮ್ಮ ಮನೆಯಲ್ಲಿ ಕೂಲರ್ ಇಲ್ಲ.

ಸಂಪು_ಸಿಂಟೆಕ್ಸ್:

73 ಬಂದಿದ್ದರೆ ಮೀಟರ್ ಚೆನ್ನಾಗೇ ಇದೆ. ಮಾರ್ಚ್‌ನಲ್ಲಿ ಒಣಗುವುದು ಮಧ್ಯಾಹ್ನ, ರಾತ್ರಿಗೆ ತಾನಾಗೇ ಏರುತ್ತದೆ. ಮೊದಲು ಟವೆಲ್ ಉಪಾಯ ಮಾಡಿ ನೋಡಿ, ಕಿಟಕಿ ಮುಚ್ಚಿ ಒಂದೆರಡು ಗಂಟೆ. ಸಾಲದೇ ಹೋದರೆ ಮೂರು ನಾಲ್ಕು ಲೀಟರಿನ ಎವಾಪರೇಟಿವ್ ಒಂದು ತಗೊಳ್ಳಿ. ಟ್ಯಾಂಕಿನ ಬಾಯಿ ಕೈ ಹೋಗುವಷ್ಟು ಅಗಲ ಇರಲಿ, ಕೈ ಹೋಗದ ಟ್ಯಾಂಕನ್ನು ಯಾರೂ ತೊಳೆಯಲ್ಲ. ಬೇಕಾದಷ್ಟು ತೇವ ಆದ ಮೇಲೆ ತಾನೇ ನಿಲ್ಲುವ ಹ್ಯುಮಿಡಿಸ್ಟ್ಯಾಟ್ ಇರಲಿ, 45ಕ್ಕೆ ಇಡಿ. ಬಣ್ಣದ ಲೈಟಿಗೆ ದುಡ್ಡು ಕೊಡಬೇಡಿ.

ಹವಾಮಾನ_ಹುಚ್ಚ:

ಅದರ ಜೊತೆಗೆ, ಮೆಷಿನ್ ಅನ್ನು ಗೋಡೆಯಿಂದ ಒಂದಡಿ ದೂರ ಇಡಿ, ಮೀಟರನ್ನು ಅದರ ಪಕ್ಕ ಇಡದೆ ರೂಮಿನ ಆಚೆ ತುದಿಯಲ್ಲಿಡಿ. ಪಕ್ಕದಲ್ಲಿ ಇಟ್ಟರೆ ಅದು ಯಾವಾಗಲೂ ಜಾಸ್ತಿಯೇ ತೋರಿಸುತ್ತದೆ. ಏಪ್ರಿಲ್ ಕೊನೆ, ಮೇ ಹೊತ್ತಿಗೆ ಮಳೆ ಶುರುವಾದರೆ ಅದರ ಕೆಲಸ ಮುಗಿಯಿತು. ಆಗ ಹಳೇ ಪ್ಯಾಡ್ ಬಿಸಾಕಿ, ಟ್ಯಾಂಕ್ ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಸಜ್ಜಾ ಮೇಲೆ ಹಾಕಿ. ಒದ್ದೆ ಇರುವಾಗಲೇ ಡಬ್ಬಕ್ಕೆ ತುರುಕಿದರೆ ಮುಂದಿನ ವರ್ಷ ತೆಗೆದ ದಿನ ಮನೆಯೆಲ್ಲ ಬೂಷ್ಟಿನ ವಾಸನೆ.